ಸೂರ್ಯ ಸುಮ್ಮನಿದ್ದಾಗಲೂ ಯಾಕೆ ಮಿಣುಕುತ್ತಾನೆ

ಆಗಿನ್ನೂ ಲೋಕದ ಮೈ ಹಸಿಯಾಗಿತ್ತು. ಬೆಟ್ಟವನ್ನು ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತಿತ್ತು. ಯಾವ ಕಡೆ ಹರಿಯಬೇಕೆಂದು ಹೊಳೆಗೇ ಗೊತ್ತಿರಲಿಲ್ಲ. ಬೆಳಿಗ್ಗೆ ಮೂಡಣಕ್ಕೆ ಹೋಗಿ ಸಂಜೆ ಪಡುವಣಕ್ಕೆ ಮರಳುತ್ತಿತ್ತು. ಸೂರ್ಯನೂ ಆಗ ಹೊಸಬ. ಬೆಟ್ಟದ ನೆತ್ತಿಯ ಪಕ್ಕದಲ್ಲೇ, ಮೂರು ಮಾರು ದೂರದಲ್ಲಿ ಹಾದುಹೋಗುತ್ತಿದ್ದ. ಕರೆದರೆ "ಓ" ಅನ್ನುತ್ತಿದ್ದ.

ಆ ಸೂರ್ಯನ ಹೊಟ್ಟೆಯೊಳಗೆ ಸದಾ ಕೊತಕೊತ ಕುದಿತ. ಕುದಿದು ಕುದಿದು ಒಳಗಿನಿಂದ ಹಗ್ಗಗಳು ಮೇಲೆ ಬರುತ್ತಿದ್ದವು. ನಾರಿನ ಹಗ್ಗ ಅಲ್ಲ ಮಗೂ, ಸೆಳೆತದ ಹಗ್ಗ. ಸೂಜಿಗಲ್ಲು ಮೊಳೆಯನ್ನು ತನ್ನತ್ತ ಎಳೆಯುತ್ತದಲ್ಲ, ಅಂಥದೇ ಸೆಳೆತ. ಬೆಂಕಿ ಅಂಟಿಕೊಂಡಾಗ ಮಾತ್ರ ಆ ಹಗ್ಗಗಳು ಕಣ್ಣಿಗೆ ಕಾಣುತ್ತಿದ್ದವು.

ಅವನ್ನು ಏನು ಮಾಡಬೇಕೋ ಸೂರ್ಯನಿಗೆ ತಿಳಿಯದು. ಎಲ್ಲವನ್ನೂ ಸೇರಿಸಿ ಸೊಂಟದ ಹತ್ತಿರ ಒಂದೇ ಗಂಟು ಹಾಕಿಬಿಡುತ್ತಿದ್ದ. ಒಳಗಿನ ಕುದಿತ ಆ ಗಂಟನ್ನು ಹುರಿ ಮಾಡುತ್ತಿತ್ತು. ಹುರಿ ಬಿಗಿದು, ಇನ್ನೂ ಬಿಗಿದು, ಕಡೆಗೆ ಫಟಾರ್! ಬೆಂಕಿ ಭೂಮಿಯವರೆಗೂ ಹಾರುತ್ತಿತ್ತು. ಕೆಂಬೂತದ ರೆಕ್ಕೆ ಕೆಂಪಾದದ್ದು ಅಂಥದೊಂದು ದಿನವೇ.

"ನಿನ್ನ ಗಲಾಟೆ ಸಾಕಪ್ಪಾ!" ಅಂದಿತು ಹೊಳೆ. "ನನ್ನ ಮೀನುಗಳು ಬೆಂದುಹೋದವು."

"ಸಾಕಪ್ಪಾ ಸಾಕು!" ಅಂದವು ಜಿಂಕೆ, ಮೊಲ, ಕೊಕ್ಕರೆ, ಎಲ್ಲವೂ.

ಸೂರ್ಯನಿಗೆ ನಾಚಿಕೆಯಾಯಿತು. "ಇನ್ನು ಮೇಲೆ ಸುಮ್ಮನಿರುತ್ತೇನೆ" ಅಂದವನೇ ಉಸಿರು ಬಿಗಿಹಿಡಿದ.

ಸುಮ್ಮನಿದ್ದ ಅಂದರೆ ಎಷ್ಟು ಸುಮ್ಮನೆ! ಮುಖದ ಮೇಲೆ ಒಂದು ಕಲೆ ಇಲ್ಲ, ಒಂದು ಕಿಡಿ ಇಲ್ಲ. ತಲೆಯ ಸುತ್ತ ಇದ್ದ ಬೆಳಕಿನ ಎಳೆಗಳೂ ಆರಿಹೋದವು. ಜಿಂಕೆಗಳು ಕುಣಿದವು. ಕೊಕ್ಕರೆಗಳು ಹೊಳೆಯ ನಡುವೆ ಒಂಟಿಕಾಲಲ್ಲಿ ನಿಂತು ನೆಮ್ಮದಿಯಾಗಿ ನಿದ್ದೆ ಮಾಡಿದವು.

ಹೊಳೆಯ ದಂಡೆಯಲ್ಲಿ ಬೆಳ್ಳವ್ವ ಅಂತ ಒಬ್ಬಳಿದ್ದಳು. ಪುಂಡಿ ನಾರಿನಿಂದ ಹಗ್ಗ ಹೊಸೆಯುವವಳು. ತಲೆ ನರೆತಿತ್ತು, ಅಂಗೈ ಕಲ್ಲಿನಂತೆ ಗಟ್ಟಿಯಾಗಿತ್ತು. ಅವಳ ಮಗಳು ಸುಂಕವ್ವನಿಗೆ ಆಗಷ್ಟೇ ಹೆಣ್ಣು ಕೂಸು ಹುಟ್ಟಿ ಎಂಟು ದಿನ.

ಒಂದು ಬೆಳಿಗ್ಗೆ ಬೆಳ್ಳವ್ವ ಹೊಸೆಯುವ ಕೈ ನಿಲ್ಲಿಸಿ ಕಿವಿಗೊಟ್ಟಳು. ಬೆಟ್ಟದ ಕಡೆಯಿಂದ ಒಂದು ಸದ್ದು. ಕಿರ್... ಕಿರ್...

"ಸುಂಕೀ, ಹಗ್ಗ ಕೂಗ್ತಿದೆ ಕಣೇ!"

"ಯಾವ ಹಗ್ಗ ಅವ್ವಾ?"

"ಸೂರ್ಯನದು!"

ಸುಂಕವ್ವ ಕೂಸನ್ನು ಎದೆಗೊತ್ತಿಕೊಂಡು ನಕ್ಕಳು. "ಅವನು ಸುಮ್ಮನಿದ್ದಾನಲ್ಲವ್ವಾ. ಮುಖ ನೋಡು, ಎಷ್ಟು ನುಣುಪಾಗಿದೆ!"

"ಮುಖ ಸುಮ್ಮನಿದೆ. ಒಳಗಿನ ಹುರಿ ಸುಮ್ಮನಿಲ್ಲ. ನನ್ನ ಕೈಯಲ್ಲಿ ಎಷ್ಟು ಹಗ್ಗ ಹರಿದಿವೆ, ನನಗೆ ಗೊತ್ತಾಗಲ್ವಾ? ಇನ್ನು ನಾಕು ಸುತ್ತು ಬಿಗಿದರೆ ಆ ಗಂಟು ಹರಿಯುತ್ತೆ. ಈ ಸಲ ಹರಿದರೆ ಹೊಳೆ ಉಳಿಯಲ್ಲ, ಊರು ಉಳಿಯಲ್ಲ, ನಿನ್ನ ಮಡಿಲಲ್ಲಿರೋದೂ ಉಳಿಯಲ್ಲ!"

ಸುಂಕವ್ವನ ನಗು ಅಲ್ಲೇ ನಿಂತಿತು.

ಬೆಳ್ಳವ್ವ ಕಂಬಳಿ ಎಳೆದುಕೊಂಡು ಹೊಳೆಗೆ ಓಡಿದಳು. "ಹೊಳೆಯಮ್ಮಾ, ಇದನ್ನು ಚೆನ್ನಾಗಿ ನೆನೆಸಿಕೊಡು!"

ಹೊಳೆ ತನ್ನ ಆಳದಲ್ಲಿದ್ದ ತಣ್ಣನೆ ನೀರನ್ನೆಲ್ಲ ಕಂಬಳಿಗೆ ಕುಡಿಸಿತು. ಬೆಳ್ಳವ್ವ ಅದನ್ನು ಹೊದ್ದುಕೊಂಡಳು.

"ಗಾಳಿಯಪ್ಪಾ, ನನ್ನನ್ನು ಎತ್ತಿಕೊಂಡು ಹೋಗು!"

"ಅಲ್ಲಿಗಾ?" ಗಾಳಿ ಹಿಂದೆ ಸರಿಯಿತು. "ನನಗೆ ಹೆದರಿಕೆಯಮ್ಮ."

"ನನಗೇನು ಇಲ್ವಾ? ಬಾ!"

ಗಾಳಿ ಕಣ್ಣು ಮುಚ್ಚಿಕೊಂಡು ಅವಳನ್ನು ಎತ್ತಿಕೊಂಡಿತು. ಸುಂಯ್ ಅಂತ ಬೆಟ್ಟ ಹತ್ತಿತು, ನೆತ್ತಿ ದಾಟಿತು, ಸೂರ್ಯನ ಸೊಂಟದ ಪಕ್ಕದಲ್ಲೇ ಅವಳನ್ನು ಇಳಿಸಿತು.

ಅಬ್ಬಾ, ಆ ಗಂಟು! ಗುಡ್ಡದಷ್ಟು ದಪ್ಪ. ಗಡಗಡ ನಡುಗುತ್ತಿತ್ತು. ಸೂರ್ಯನ ಕೆನ್ನೆಗಳು ಉಬ್ಬಿದ್ದವು, ಕಣ್ಣಲ್ಲಿ ನೀರು ತುಂಬಿತ್ತು.

"ಉಸಿರು ಬಿಡೋ ಮಗನೇ!" ಬೆಳ್ಳವ್ವ ಕೂಗಿದಳು.

ಸೂರ್ಯ ಹಲ್ಲು ಕಚ್ಚಿಕೊಂಡೇ ಅಂದ: "ಬಿಟ್ಟರೆ ಎಲ್ಲರನ್ನೂ ಸುಟ್ಟುಬಿಡ್ತೀನಿ ಅಜ್ಜೀ."

ಅವಳು ಗಂಟನ್ನು ಮುಟ್ಟಿ ನೋಡಿದಳು. ಬಿಚ್ಚಲು ಆಗದಷ್ಟು ಬಿಗಿ. ಕತ್ತರಿಸಿದರೆ ಒಂದೇ ಸಲಕ್ಕೆ ಫಟಾರ್! ಏನು ಮಾಡುವುದು? ಕಿರ್ ಅಂತ ಇನ್ನೊಂದು ಸುತ್ತು ಬಿಗಿಯಿತು. ಬೆಳ್ಳವ್ವ ಗಂಟಿನ ಅಂಚಿನಲ್ಲಿ ಉಗುರು ತೂರಿಸಿ ಒಂದು ಎಳೆ ಹಿಡಿದಳು. ಒಂದೇ ಒಂದು ಸಣ್ಣ ಎಳೆ. ಅದನ್ನು ಮೆಲ್ಲಗೆ ಹೊರಗೆಳೆದು ಬಿಲ್ಲಿನ ಹಾಗೆ ಬಗ್ಗಿಸಿ ಎರಡೂ ತುದಿಗಳನ್ನು ಸೂರ್ಯನ ಮೈಯೊಳಗೇ ಸಿಕ್ಕಿಸಿದಳು.

ಚಿಟ್!

ಎಳೆ ಮಿಣುಕಿತು. ಆ ಮಿಣುಕಿಗೆ ಬೆಳ್ಳವ್ವ ತನ್ನ ಕೈ ನೋಡಿಕೊಂಡು ಕಿರುಚಿದಳು. "ಅಯ್ಯಯ್ಯೋ, ನನ್ನ ಬೆರಳ ಮೂಳೆ ಕಾಣ್ತಿದೆ!"

ಹೌದು, ಅದು ಅಂಥಿಂಥ ಬೆಳಕಲ್ಲ. ಚರ್ಮ ದಾಟಿ, ಮಾಂಸ ದಾಟಿ ಮೂಳೆ ತೋರಿಸುವ ಬೆಳಕು. ಆದರೂ ಬೆಳ್ಳವ್ವ ಕೈ ಬಿಡಲಿಲ್ಲ. ಇನ್ನೊಂದು ಎಳೆ ಎಳೆದಳು. ಚಿಟ್! ಮತ್ತೊಂದು. ಚಿಟ್! ಗಂಟು ಸ್ವಲ್ಪ ಸಡಿಲಾಯಿತು. ಕುದಿತ ಮತ್ತೆ ಬಿಗಿಯಿತು. ಅವಳು ಎಳೆದಷ್ಟೂ ಅದು ಬಿಗಿಯಿತು! ಕಂಬಳಿ ಒಣಗಿತು. ಅದರ ತುದಿಯಿಂದ ಹೊಗೆ ಎದ್ದಿತು.

"ಹೋಗೋಣ ಅಮ್ಮಾ!" ಗಾಳಿ ಅತ್ತಿತು.

"ಇಲ್ಲ! ಸೂರ್ಯಾ, ನನ್ನೊಬ್ಬಳ ಕೈಯಲ್ಲಿ ಆಗಲ್ಲ. ನೀನೂ ಬಿಡಬೇಕು. ಒಂದೇ ಸಲ ಬೇಡ. ಬಿಸಿ ಮುದ್ದೆಗೆ ಹೇಗೆ ಊದ್ತೀಯ? ಹಾಗೆ, ಚೂರು ಚೂರೇ. ಊದು!"

ಸೂರ್ಯ ಹೆದರುತ್ತ ಹೆದರುತ್ತ ತುಟಿ ಸಣ್ಣಗೆ ತೆರೆದ. ಫೂ...

ಚಿಟ್! ಒಂದು ಎಳೆ ತಾನಾಗಿಯೇ ಬಿಚ್ಚಿಕೊಂಡಿತು.

ಫೂ... ಚಿಟ್ ಚಿಟ್!

ಫೂ... ಚಿಟ್ ಚಿಟ್ ಚಿಟ್ ಚಿಟ್!

ಗುಡ್ಡದಂಥ ಗಂಟು ಕರಗಿ ಸಾವಿರಾರು ಸಣ್ಣ ಕುಣಿಕೆಗಳಾಗಿ ಸೂರ್ಯನ ಮೈತುಂಬ ಹರಡಿತು. ಇಲ್ಲಿ ಮಿಣುಕು, ಅಲ್ಲಿ ಮಿಣುಕು! ಆರಿಹೋಗಿದ್ದ ಬೆಳಕಿನ ಎಳೆಗಳು ತಲೆಯ ಸುತ್ತ ಮತ್ತೆ ಅರಳಿದವು. ಸೂರ್ಯ ಬಿದ್ದು ಬಿದ್ದು ನಕ್ಕ. "ಕಚಗುಳಿ ಆಗ್ತಿದೆ ಅಜ್ಜೀ!"

ಬೆಳ್ಳವ್ವನೂ ನಕ್ಕಳು. ಅಂಗೈ ಬೊಬ್ಬೆ ಎದ್ದಿತ್ತು, ಉರಿಯುತ್ತಿತ್ತು, ಆದರೂ ನಕ್ಕಳು. ಆಮೇಲೆ ಅವಳಿಗೆ ಒಮ್ಮೆಲೇ ಕೂಸಿನ ನೆನಪಾಯಿತು.

"ಈ ಮೂಳೆ ತೋರಿಸೋ ಬೆಳಕು ಎಳೆ ಮಕ್ಕಳಿಗೆ ತಾಗಬಾರದಲ್ಲಪ್ಪಾ!"

ಇಷ್ಟು ಹೊತ್ತು ಅಳುತ್ತಿದ್ದ ಗಾಳಿ ಮೂಗು ಒರೆಸಿಕೊಂಡು ಮುಂದೆ ಬಂತು. "ಅದು ನನ್ನ ಕೆಲಸ. ನಾನು ಭೂಮಿಯ ಮೇಲೆ ಎತ್ತರಕ್ಕೆ ಹರಡಿಕೊಳ್ತೀನಿ. ಆ ಬೆಳಕನ್ನು ದಾರಿಯಲ್ಲೇ ನುಂಗಿಬಿಡ್ತೀನಿ. ಕೆಳಗೆ ಒಂದು ಹನಿ ಇಳಿಯಲ್ಲ."

"ನಾನೂ ದೂರ ಹೋಗ್ತೀನಿ" ಅಂದ ಸೂರ್ಯ. "ಅಪ್ಪಿತಪ್ಪಿ ಗಂಟು ಹರಿದರೂ ನಿಮ್ಮ ಊರು ಸುಡಬಾರದು."

ಅವತ್ತೇ ಅವನು ಬೆಟ್ಟದ ಪಕ್ಕ ಬಿಟ್ಟು ದೂರ, ಬಹು ದೂರ ಹೊರಟ. ಗಾಳಿ ಇಳಿಸಿದ ಬೆಟ್ಟದ ನೆತ್ತಿಯ ಮೇಲೆ ನಿಂತು ಬೆಳ್ಳವ್ವ ಕೈ ಬೀಸಿದಳು. "ಊದೋದು ಮರೀಬೇಡ್ವೋ!" ಅಂತ ಗಂಟಲು ಕಟ್ಟುವವರೆಗೂ ಕೂಗಿದಳು. ಅವಳು ಕೆಳಗಿಳಿದಾಗ ಸುಂಕವ್ವ ಎದುರು ಓಡಿ ಬಂದು ಅವ್ವನ ಸುಟ್ಟ ಕೈಗಳನ್ನು ಹೊಳೆಯ ನೀರಲ್ಲಿ ಅದ್ದಿ ಹಿಡಿದುಕೊಂಡಳು.

ಸೂರ್ಯ ಒಮ್ಮೊಮ್ಮೆ ಮರೆಯುತ್ತಾನೆ. ಆಗ ಕೆಲವು ವರ್ಷ ಗಂಟುಗಳು ಬೆಳೆದು ಮುಖದ ಮೇಲೆ ಕಪ್ಪು ಕಲೆಗಳಾಗುತ್ತವೆ, ಫಟಾರ್ ಅನ್ನುತ್ತವೆ. ಆಮೇಲೆ ಅವನಿಗೆ ಅಜ್ಜಿಯ ಮಾತು ನೆನಪಾಗುತ್ತದೆ, ಮತ್ತೆ ಚೂರು ಚೂರೇ ಊದುತ್ತಾನೆ.

ಅದಕ್ಕೇ ಮಗೂ, ಮೈಮೇಲೆ ಒಂದೂ ಕಲೆಯಿಲ್ಲದೆ ಸೂರ್ಯ ಸುಮ್ಮನಿರುವ ದಿನಗಳಲ್ಲೂ, ಗಾಳಿಯ ಹೊದಿಕೆ ದಾಟಿ ಮೇಲೆ ಹೋದ ಎಕ್ಸ್-ರೇ ಕ್ಯಾಮೆರಾ ಕಳಿಸುವ ಚಿತ್ರದಲ್ಲಿ, ಅವನ ಮೈತುಂಬ ಪುಟ್ಟ ಪುಟ್ಟ ಕುಣಿಕೆಗಳು ಚಿಟ್ ಚಿಟ್ ಎಂದು ಮಿಣುಕುತ್ತಿರುವುದು ನಿನಗೆ ಕಾಣುತ್ತದೆ.