ಸಣ್ಣದು ಮೊದಲು, ದೊಡ್ಡದು ಕೊನೆಗೆ

೧೯೬೮ರ ನವೆಂಬರ್ ೧೭, ಭಾನುವಾರ. ದಿನಚರಿಯ ಆ ಪುಟದಲ್ಲಿ ನನ್ನ ಸೋದರಮಾವ ಶ್ರೀಕಂಠಯ್ಯನವರು ಹೇಳಿದ ಈ ಸಂಗತಿ ಇದೆ. ನಾನಾಗ ಬಿ.ಎ. ಕೊನೆಯ ವರ್ಷ. ಅವರು ಹೇಳಿ ಮುಗಿಸಿದ ಅರ್ಧ ಗಂಟೆಯೊಳಗೆ ಬರೆದಿಟ್ಟದ್ದರಿಂದ ಮಾತು ಹೆಚ್ಚುಕಡಿಮೆಯಾಗಿಲ್ಲ. ತಮ್ಮನ್ನೇ ‘ಅವನು’ ಎಂದುಕೊಂಡು ಹೇಳಿದರು. ನಾನೂ ಹಾಗೆಯೇ ಬರೆದುಕೊಂಡೆ.

ಹೊಳೆಯ ಆಚೆ ದಡದಲ್ಲಿ ಒಂದು ಆಶ್ರಮ. ಅಲ್ಲಿ ಶ್ರೀಕಂಠ ಶಿಷ್ಯನಾಗಿದ್ದ.

ಬೆಳಿಗ್ಗೆ ಸ್ನಾನವಾದ ಮೇಲೆ ಕೋಣೆಯ ಚಿಲಕ ಹಾಕಿಕೊಂಡು ಅವನು ದೇವರಿಗೆ ಕೃತಜ್ಞತೆ ಹೇಳುತ್ತಿದ್ದ. ಕಾಲಿನ ಉಗುರಿಗೆ ಒಂದು ನಮಸ್ಕಾರ. ಮೊಣಕಾಲಿಗೆ ಒಂದು. ಬಾವಿಯ ನೀರಿಗೆ, ಸಾರಿನ ಉಪ್ಪಿಗೆ, ಹೊದ್ದುಕೊಳ್ಳುವ ಕಂಬಳಿಗೆ. ಸಣ್ಣದು ಮೊದಲು, ದೊಡ್ಡದು ಕೊನೆಗೆ. ಎಲ್ಲಕ್ಕಿಂತ ಕೊನೆಗೆ ತಾಯಿ.

ಮುಗಿಯಲು ಒಂದೂವರೆ ಗಂಟೆ ಬೇಕಾಗುತ್ತಿತ್ತು. ನಡುವೆ ತಪ್ಪಿದರೆ ಮತ್ತೆ ಉಗುರಿನಿಂದ.

ಒಂದು ದಿನ ಗುರುಗಳು ಕೇಳಿದರು: “ಒಂದನ್ನು ಬಿಟ್ಟರೆ ಏನಾಗುತ್ತದೆ?”

ಶ್ರೀಕಂಠ ತಗ್ಗಿದ ದನಿಯಲ್ಲಿ ಹೇಳಿದ. ಹೋದ ವರ್ಷ ಎಡಗಿವಿಯನ್ನು ಮರೆತಿದ್ದನಂತೆ. ಮೂರನೆಯ ದಿನ ಅದೇ ಕಿವಿ ಸೋರಲು ಶುರುವಾಯಿತಂತೆ.

“ನೆನೆಯದಿದ್ದರೆ ಕಿತ್ತುಕೊಳ್ಳುತ್ತಾನೆ ಅನ್ನು.”

“ಹೌದು, ಗುರುಗಳೇ.”

“ಹಾಗಾದರೆ ನೀನು ನಮಸ್ಕಾರ ಮಾಡುತ್ತಿರುವುದು ದೇವರಿಗಲ್ಲ ಕಣೋ, ಕಳ್ಳನಿಗೆ.”

ಶ್ರೀಕಂಠ, ಗುರುಗಳ ಬಾಯಿಂದ ಇಂಥ ಮಾತು ಬಂತಲ್ಲ ಎಂದು ಮರುದಿನ ಅದಕ್ಕೂ ಒಂದು ಕ್ಷಮಾಪಣೆ ಸೇರಿಸಿಕೊಂಡ.

ಆಷಾಢದಲ್ಲಿ ಹೊಳೆ ಏರತೊಡಗಿತು. ಒಂದು ಬೆಳಿಗ್ಗೆ ಎಂಟು ಗಂಟೆಗೆ ಹರಿಗೋಲಿನಲ್ಲಿ ಅವನ ತಾಯಿ ಬಂದಿಳಿದರು. ಕಣ್ಣಿನ ನರ ಒಣಗುತ್ತಿದೆ, ಇನ್ನು ತಿಂಗಳು ತಡೆದರೆ ಹೆಚ್ಚು, ಔಷಧವಿಲ್ಲ ಎಂದು ಡಾಕ್ಟರು ಹೇಳಿದ್ದರು. ದೃಷ್ಟಿ ಇರುವಾಗಲೇ ಮಗನ ಮುಖ ಒಮ್ಮೆ ನೋಡಿಕೊಂಡು ಹೋಗಲು ಬಂದಿದ್ದರು. ಮನೆಯಲ್ಲಿ ಹಾಸಿಗೆ ಹಿಡಿದ ಗಂಡನನ್ನು ಪಕ್ಕದವರಿಗೆ ಒಪ್ಪಿಸಿ ಬಂದದ್ದರಿಂದ ರಾತ್ರಿ ನಿಲ್ಲುವಂತಿರಲಿಲ್ಲ. ಹನ್ನೆರಡಕ್ಕೆ ಹೊರಡುವುದೇ ಕೊನೆಯ ಹರಿಗೋಲು, ಆಮೇಲೆ ಹೊಳೆ ಇಳಿಯುವವರೆಗೆ ಇಲ್ಲ ಎಂದು ಅಂಬಿಗ ಬೋರಯ್ಯ ಹೇಳಿಬಿಟ್ಟಿದ್ದ.

ಗುರುಗಳು ಬಾಗಿಲು ತಟ್ಟಿ ಇದನ್ನೆಲ್ಲ ಹೇಳಿದರು.

ಒಳಗೆ ಶ್ರೀಕಂಠ ಆಗ ಉಪ್ಪಿನವರೆಗೆ ಬಂದಿದ್ದ. ಈಗ ಎದ್ದರೆ ತಾಯಿಯ ಹೆಸರು ಉಳಿದುಹೋಗುತ್ತದೆ. ಬೇರೆ ದಿನವಾದರೂ ಸರಿ, ಇಂದೇ, ಅವರ ಕಣ್ಣು ಹೀಗಿರುವಾಗಲೇ? ಬೇಗ ಮುಗಿಸಿಬಿಡುತ್ತೇನೆ ಎಂದು, ನಡುವೆ ತಡೆಬಿದ್ದದ್ದರಿಂದ ಮತ್ತೆ ಉಗುರಿನಿಂದ ಶುರುಮಾಡಿದ.

ಬೇಗ ಹೇಳಲು ಹೋಗಿ ಮೊಣಕೈ ತಪ್ಪಿತು. ಮತ್ತೆ ಉಗುರು.

ಒಂಬತ್ತೂಕಾಲಿಗೆ ಗುರುಗಳು ಮತ್ತೆ ತಟ್ಟಿದರು. ಹತ್ತೂವರೆಗೆ ಇನ್ನೊಮ್ಮೆ. ತಟ್ಟಿದಾಗಲೆಲ್ಲ ಒಳಗಿನ ದನಿ ಮೊದಲಿಗೆ ಹೋಗುವುದು ಕೇಳಿಸುತ್ತಿತ್ತು. ಆಮೇಲೆ ತಟ್ಟಲಿಲ್ಲ.

“ಇರಲಿ ಬಿಡಿ ಸ್ವಾಮಿ, ದೇವರ ಹತ್ತಿರ ಇದ್ದಾನೆ,” ಎಂದರು ತಾಯಿ. ಜಗಲಿಯ ಮೇಲೆ ಬಾಗಿಲಿಗೆ ಎದುರಾಗಿ ಕೂತರು.

ಕೊನೆಗೆ ಬೋರಯ್ಯ ದಡದಿಂದ ಕೂಗಿದ: “ಬನ್ನಿ ಅವ್ವಾ. ದೇವರಿಗೆ ಪುರಸೊತ್ತದೆ, ಹೊಳೆಗಿಲ್ಲ.”

ಶ್ರೀಕಂಠ ತಾಯಿಯ ಹೆಸರು ಹೇಳಿ, ಅಡ್ಡಬಿದ್ದು, ಚಿಲಕ ತೆಗೆದು ಓಡಿದಾಗ ಹರಿಗೋಲು ನಡುಹೊಳೆಯಲ್ಲಿತ್ತು. ಅವನು ಕೂಗಿದ. ತಾಯಿ ಕೈ ಎತ್ತಿದರು. ಅವನ ಕಡೆಗಲ್ಲ, ಇಪ್ಪತ್ತು ಮಾರು ಆಚೆಗಿದ್ದ ಹೊಂಗೆಮರದ ಕಡೆಗೆ.

ಹೊಳೆ ಇಳಿಯಲು ನಲವತ್ತೆರಡು ದಿನ ಹಿಡಿಯಿತು. ಆ ನಲವತ್ತೆರಡು ದಿನವೂ ಅವನು ದಡಕ್ಕೆ ಹೋಗಿ ನೀರು ಎಷ್ಟನೆಯ ಮೆಟ್ಟಿಲಲ್ಲಿದೆ ಎಂದು ನೋಡಿ ಬಂದ. ಊಟ ಸೇರಲಿಲ್ಲ. ಮೊದಲ ಹರಿಗೋಲಿಗೆ ಹೋದವನು ವಾರ ಕಳೆದು ಹಿಂದಿರುಗಿದ.

“ತಾಯಿಯನ್ನು ನೋಡಿದೆಯಾ?” ಗುರುಗಳು ಕೇಳಿದರು.

“ನೋಡಿದೆ.”

“ಅವರು?”

ಶ್ರೀಕಂಠ ಹೇಳಿದ. ತಾಯಿ ಎರಡು ಕೈಯಿಂದ ಅವನ ಮುಖ ತಡವಿದರು. ಮೀಸೆ ಬಂದಿದೆಯಲ್ಲೋ, ಯಾವಾಗ ಬಂತು ಎಂದು ನಕ್ಕರು. ಅವನು ಹೋಗುವ ಒಂಬತ್ತು ದಿನ ಮುಂಚೆ ಪೂರ್ತಿ ಕತ್ತಲಾಗಿತ್ತಂತೆ.

ಆಮೇಲೆ ಅವನಿಗೆ ತಡೆಯಲಾಗಲಿಲ್ಲ.

“ಒಂದನ್ನೂ ಬಿಟ್ಟಿರಲಿಲ್ಲ ಗುರುಗಳೇ. ಅವರ ಹೆಸರು ಹೇಳಿಯೇ ಎದ್ದೆ. ಆದರೂ ಆ ಕಣ್ಣನ್ನು ಕಿತ್ತುಕೊಂಡನಲ್ಲ ದೇವರು.”

ಗುರುಗಳು ಹೇಳಿದರು: “ಹೋಗುವ ಕಣ್ಣು ಅದು, ಹೋಯಿತು. ಹೋಗುವ ಮುಂಚೆ ಅದನ್ನು ಹೊಳೆ ದಾಟಿಸಿ ತಂದು, ನಾಲ್ಕು ಗಂಟೆ ಹೊತ್ತು ನಿನ್ನ ಬಾಗಿಲ ಮುಂದೆ ಕೂರಿಸಿದ್ದ. ನೀನು ಚಿಲಕ ತೆಗೆಯಲಿಲ್ಲ.”