ಹಲ್ಲಿಯ ಬಾಲ, ಬಸದಿಯ ಕಂಬ

ಹಳೆಯ ಬಸದಿಯೊಂದರಲ್ಲಿ, ಬಿರುಕುಬಿಟ್ಟ ಕಂಬದ ಮೇಲೆ ಹಲ್ಲಿಯೊಂದು ಸಂಸಾರ ಹೂಡಿತ್ತು. ಒಂದು ಬೆಳಿಗ್ಗೆ ಕಟ್ಟಡಗಳನ್ನು ಅಳೆದು ಚಿತ್ರ ತೆಗೆಯುವ ಮೂರು ಕಾಲಿನ ಸ್ಕ್ಯಾನರ್ ಒಂದು ಬಂದು ಎದುರಿಗೆ ನಿಂತು, "ಕದಲಬೇಡ. ಕದಲಿದ್ದನ್ನೆಲ್ಲ ನಾನು ಚಿತ್ರದಿಂದ ಅಳಿಸಿಬಿಡುತ್ತೇನೆ, ನಿಂತದ್ದನ್ನು ಮಾತ್ರ ಉಳಿಸುತ್ತೇನೆ" ಎಂದಿತು. ನೊಣಕ್ಕಾಗಿ ಗಂಟೆಗಟ್ಟಲೆ ಹೊಂಚಿ ಕೂರುವ ಹಲ್ಲಿಗೆ ಅದೇನು ದೊಡ್ಡ ಕೆಲಸ? ಸ್ಕ್ಯಾನರ್ ನಾಲ್ಕೂ ಮೂಲೆಯಿಂದ ನೋಡಿ ಮುಗಿಸುವವರೆಗೆ ಅದು ಬಾಲದ ತುದಿಯನ್ನೂ ಆಡಿಸಲಿಲ್ಲ.

"ಮುಗಿಯಿತು!" ಸ್ಕ್ಯಾನರ್ ಬೀಗಿತು. "ಕೂದಲೆಳೆಯಷ್ಟೂ ಬಿಡದೆ ಈ ಕಂಬ ಈಗ ನನ್ನೊಳಗಿದೆ. ಈ ಚಿತ್ರವನ್ನು ಕಣ್ಣೆದುರು ತೋರಿಸುವ ನನ್ನ ದೊಡ್ಡ ಕನ್ನಡಕ ಹಾಕಿಕೊಂಡವರು ಮನೆಯಿಂದಲೇ ಇದರ ಸುತ್ತ ಪ್ರದಕ್ಷಿಣೆ ಬರಬಹುದು. ಇನ್ನು ಇದಕ್ಕೆ ಆಸರೆ ಕೊಡುವ ಕಷ್ಟ ಯಾರಿಗೂ ಬೇಡ. ಬಿದ್ದರೆ ಬೀಳಲಿ."

ಹಲ್ಲಿ ಲೊಚಗುಟ್ಟಿತು. ಕಂಬದ ಬುಡದಲ್ಲಿ ಆ ಸದ್ದಿಗೇ ಕಾದಿದ್ದ ಬೆಕ್ಕೊಂದು ಅದರ ಮೇಲೆ ಹಾರಿತು. ಹಲ್ಲಿ ಬಾಲ ಕಳಚಿ ಬೀಳಿಸಿ ಮೇಲಕ್ಕೆ ಓಡಿತು; ಬೆಕ್ಕು ಆ ಬಾಲವನ್ನೇ ಕಚ್ಚಿಕೊಂಡು ಹೊರಟುಹೋಯಿತು.

"ಅಳಬೇಡ, ನಿನ್ನ ಬಾಲವೂ ನನ್ನಲ್ಲಿ ಭದ್ರವಾಗಿದೆ" ಎಂದಿತು ಸ್ಕ್ಯಾನರ್.

"ಹಾಗಾದರೆ ಕೊಡಿ, ಹಚ್ಚಿಕೊಳ್ಳುತ್ತೇನೆ."

"ಅಳತೆ ಬೇಕಾದರೆ ಕೊಡುತ್ತೇನೆ. ಬಾಲ ಎಲ್ಲಿಂದ ತರಲಿ?"

"ಚಿಂತೆಯಿಲ್ಲ ಸ್ವಾಮಿ." ಹಲ್ಲಿ ಕೆಳಗಿಳಿದು ಬಂದು ಬಿರುಕಿನ ಮೇಲೆಯೇ ಕೂತಿತು. "ನನಗೆ ಎರಡು ತಿಂಗಳಲ್ಲಿ ಬೇರೆ ಬಾಲ ಬರುತ್ತದೆ. ಈ ಕಂಬ ಬಿದ್ದರೆ ಮತ್ತೆ ಚಿಗುರುತ್ತದೆಯೇ?"

ಸ್ಕ್ಯಾನರ್ ಬಿರುಕಿನ ಕಡೆಗೆ ಮುಖ ತಿರುಗಿಸಿ, ಆಸರೆಗೆ ನಿಲ್ಲಿಸುವ ತೊಲೆ ಎಷ್ಟುದ್ದ ಬೇಕೆಂದು ಅಳೆಯತೊಡಗಿತು.