ಸಾಹೇಬರು ಮುಟ್ಟದ ನೀರು

ಬಿಸಿಯೂಟದ ಹೊತ್ತಿಗೆ ಶಾಲೆಗೆ ಬಂದ ತಾಲ್ಲೂಕಿನ ಸಾಹೇಬರು ನಳದ ನೀರಿನ ಲೋಟವನ್ನು ದೂರ ತಳ್ಳಿದರು.

"ಬಾಟಲಿ ನೀರು ತರಿಸು. ಇಲ್ಲದಿದ್ದರೆ ನಾಳೆಯಿಂದ ನಿನಗೆ ಕೆಲಸವಿಲ್ಲ."

ಹೇಳಿದ್ದು ಅಡುಗೆಯ ಕಲ್ಲವ್ವನಿಗೆ. ಆ ಕೆಲಸವೇ ಅವಳ ಅನ್ನ. ಆದರೆ ಅಂಗಡಿಯ ಬಾಟಲಿಗಳು ಬಿಸಿಲಲ್ಲಿ ಕಾದು ಕಾದು ವಾಸನೆ ಹಿಡಿದಿದ್ದವು. ನಳದ ನೀರು ಪರೀಕ್ಷೆಯಾಗಿದೆ, ಧೈರ್ಯವಾಗಿ ಕುಡಿಯಿರಿ ಎಂದು ಊರಿಗೆಲ್ಲ ಹೇಳಿದವರೂ ಈ ಸಾಹೇಬರೇ.

ಅವಳು ಸೀದಾ ಹೋಗಿ ನಳದ ಬಾಯಿಗೆ ಬಟ್ಟೆ ಬಿಗಿದಳು. "ಯಾರೂ ಕುಡೀಬ್ಯಾಡ್ರಿ, ಮಕ್ಕಳ್ರಾ!"

"ಏನಿದು?" ಸಾಹೇಬರು ಗದರಿದರು.

"ದೊಡ್ಡವರು ರುಚಿ ನೋಡದೆ ಮಕ್ಕಳಿಗೆ ಬಡಿಸಬಾರ್ದು ಅಂತ ನೀವೇ ಹೇಳೀರಲ್ರಿ. ಅನ್ನಕ್ಕೊಂದು ನಿಯಮ, ನೀರಿಗೊಂದೇನ್ರಿ? ಎಲ್ಲಾರಿಗೂ ಬಾಟಲಿ ತರಿಸ್ರಿ. ಇಲ್ಲಾ, ನೀವು ಮೊದಲು ಕುಡೀರಿ."

ಖಾರದ ಸಾರುಂಡ ಮಕ್ಕಳು ಬಾಯಿ ತೆರೆದು ಸಾಹೇಬರನ್ನೇ ನೋಡಿದರು. ಒಬ್ಬ ಹುಡುಗಿಗೆ ಬಿಕ್ಕಳಿಕೆ ಹತ್ತಿತು. ಅದು ನಿಲ್ಲಲೇ ಇಲ್ಲ.

ಸಾಹೇಬರು ಲೋಟವೆತ್ತಿ ಗಟಗಟ ಕುಡಿದರು. ಕಲ್ಲವ್ವ ಬಟ್ಟೆ ಬಿಚ್ಚಿದಳು. ಮಕ್ಕಳು ನಳಕ್ಕೆ ಮುಗಿಬಿದ್ದರು.

"ಒಂದು ಬಾಟಲಿಗೆ ಇಷ್ಟು ಹಟವೇನೇ ನಿನಗೆ?"

"ಹೋದ ಸಲ ನಿಮ್ಮ ಸಭಾ ಮುಗಿದ ಮ್ಯಾಲೆ, ಬಾಟಲಿ ಕಟ್ಟಿ ತಂದಿದ್ದ ಪ್ಲಾಸ್ಟಿಕ್ ಹಾಳಿ ತಿಂದು ನನ್ನ ಆಕಳು ಸತ್ತಿತ್ರಿ. ಹೊಟ್ಟ್ಯಾಗ ಕರು ಇತ್ತು."

ಸಾಹೇಬರು ಮತ್ತೆ ಕೆಲಸದ ಮಾತೆತ್ತಲಿಲ್ಲ.